ಮಾಮಾನ ಹಿಂಡಿನ ವೈರಸ್ಸು

ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗದ ವೈರಸ್ಸಿನ ಹೊರಮೈಯಲ್ಲಿ ಒಂದು ಪ್ರೋಟೀನಿದೆ. ಒಂದೇ ಬಗೆಯ ಮೂರು ಎಳೆಗಳು ನಡುವೆ ಕೂಡಿಕೊಂಡು ಮೂರು ಕಡೆಗೆ ಚಾಚಿರುತ್ತವೆ. ಮೇಲಿನಿಂದ ನೋಡಿದರೆ ಮನೆಯ ಚಾವಣಿಯ ಫ್ಯಾನಿನ ಹಾಗೆ. ವೈರಸ್ಸು ಕುರಿಯ ಜೀವಕೋಶವನ್ನು ಹಿಡಿದುಕೊಳ್ಳುವುದು ಇದರಿಂದಲೇ. ಲಸಿಕೆ ಹಾಕಿದ ಕುರಿಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಬಂದು ಅಂಟುವುದೂ ಇದರ ತುದಿಗೇ. ಆ ತುದಿಯ ಆಕಾರ ತುಸು ಬದಲಾದರೂ ಪ್ರತಿಕಾಯಕ್ಕೆ ಹಿಡಿತ ಸಿಗದೆ ಹೋಗಬಹುದು. ಸೋಲಾಪುರದಲ್ಲಿ ಪಿಎಚ್‌ಡಿಗೆ ನಾನು ಆರಿಸಿಕೊಂಡ ಪ್ರಶ್ನೆ ಇಷ್ಟೇ: ನಮ್ಮ ಕಡೆಯ ಹಿಂಡುಗಳಲ್ಲಿ ಓಡಾಡುವ ವೈರಸ್ಸಿನ ತುದಿಯೂ ಲಸಿಕೆಯಲ್ಲಿರುವ ವೈರಸ್ಸಿನ ತುದಿಯೂ ಒಂದೇ ಆಕಾರದಲ್ಲಿವೆಯೇ?

ಈ ಪ್ರಶ್ನೆಯ ಹಿಂದೆ ಮಾಮಾ ಇದ್ದ. ಅವ್ವನ ಅಣ್ಣ, ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡಿರುವವನು. ಊರ ಕುರಿಗಾರರ ದೇವರು ಬೀರೋಬಾನ ಪೂಜೆ ಅವರ ಮನೆತನದ್ದು. ನಾನು ಬೆಳೆದದ್ದು ಸೋಲಾಪುರದಲ್ಲಿ, ಓದಿದ್ದು ಮರಾಠಿಯಲ್ಲಿ. ಅಪ್ಪನಿಗೆ ಅಲ್ಲಿಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿನಲ್ಲಿ ಕೆಲಸ. ಆದರೆ ಶಾಲೆಯ ರಜೆಗಳೆಲ್ಲ ಮಾಮಾನ ಹಿಂಡಿನ ಹಿಂದೆ ಕಳೆದವು. ಎಂ.ಎಸ್ಸಿ. ಮುಗಿದ ವರ್ಷ ಅಪ್ಪ ನನ್ನ ಮದುವೆಯ ಮಾತು ಎತ್ತಿದಾಗ, ಇನ್ನೂ ಓದಲಿ ಬಿಡಿ ಎಂದು ಇಡೀ ಮಧ್ಯಾಹ್ನ ಕೂತು ವಾದ ಮಾಡಿದವನು ಅವನೊಬ್ಬನೇ. ನಾನು ಸುಲಭವಾಗಿ ಯಾರನ್ನೂ ನಂಬುವವಳಲ್ಲ. ಅವನನ್ನು ನಂಬಿದ್ದೆ.

ಕೆಲಸಕ್ಕೆ ಒಂದು ಹಿಂಡು ಬೇಕಿತ್ತು. ಮಳೆಗಾಲಕ್ಕೆ ಮೊದಲು ಅದಕ್ಕೆ ಲಸಿಕೆ ಹಾಕಬೇಕು. ಕೆಲವು ವಾರ ಬಿಟ್ಟು ರಕ್ತ ತೆಗೆದಿಡಬೇಕು. ಈ ರೋಗ ಹರಡುವುದು ನುಸಿಯ ಕಡಿತದಿಂದ. ಮಳೆ ಬಿದ್ದು ನುಸಿ ಹೆಚ್ಚಾದ ಮೇಲೆ ಯಾವ ಕುರಿಗಾದರೂ ರೋಗ ಬಂದರೆ ಅದರ ರಕ್ತದಿಂದ ವೈರಸ್ಸನ್ನು ತೆಗೆದು ನೋಡಬೇಕು. ಮಾಮಾ ಕೇಳಿದ ಕೂಡಲೆ ಒಪ್ಪಿದ. ನನ್ನ ಗೈಡ್ ಮ್ಯಾಡಮ್ ಬಹಳ ಓಡಾಡಿ ಒಂದು ಹಿಂಡಿಗೆ ಸಾಲುವಷ್ಟು ಲಸಿಕೆ ದೊರಕಿಸಿಕೊಟ್ಟರು. ಲಸಿಕೆ ಕೆಡದಿರಲೆಂದು ಬರ್ಫದ ಗಡ್ಡೆ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ, ಅಲ್ಲಿಂದ ಹಂಚಿಕೆಯ ರಿಕ್ಷಾದಲ್ಲಿ ಹಳ್ಳಿಗೆ ಹೋದೆ. ಹಿಂಡು ಆಗ ಒಬ್ಬ ದೊಡ್ಡ ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಕೂತಿತ್ತು. ಲಸಿಕೆ ಹಾಕಲು ಬರಬೇಕಾಗಿದ್ದವರು ಬೇರೆ ಊರಲ್ಲಿ ಎಮ್ಮೆಯೊಂದರ ಕಷ್ಟದ ಹೆರಿಗೆಗೆ ಹೋಗಿದ್ದರು. ಮರುದಿನ ನನಗೆ ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸವಿತ್ತು, ತಪ್ಪಿಸುವ ಹಾಗಿರಲಿಲ್ಲ.

“ನೀ ಹುಟ್ಟೂಕಿಂತ ಮೊದಲಿಂದ ಕುರಿಗಿ ಸೂಜಿ ಹಾಕಾಕತ್ತೀನಿ,” ಎಂದ ಮಾಮಾ. “ಮುಂಜಾನೆ ಹಿಂಡ ಬಿಡೂಕಿಂತ ಮೊದಲ ನಾನ ಹಾಕ್ತೀನಿ. ನೀ ಬಸ್ಸ ಹಿಡಿ.”

ಚರ್ಮದ ಕೆಳಗೆ ಎಷ್ಟು ಹಾಕಬೇಕೆಂದು ತೋರಿಸಿದೆ. ಯಾವುದಕ್ಕೂ ಎರಡು ಸಲ ಬೀಳದಂತೆ, ಹಾಕಿದ ಕುರಿಗೆ ಏನಾದರೂ ಗುರುತು ಮಾಡು ಎಂದೆ. ಮರುದಿನ ಪರೀಕ್ಷೆಯ ನಡುವೆ ಅವನ ಮೊಬೈಲಿನಿಂದ ಒಂದು ಫೋಟೋ ಬಂತು. ಎಲ್ಲ ಕುರಿಗಳ ಬೆನ್ನ ಮೇಲೂ ಹಳದಿ, ಬೀರೋಬಾನಿಗೆ ಏರಿಸುವ ಅರಿಶಿನದ ಬಂಡಾರ. ಗುರುತಿಗೆ ಕೈಗೆ ಸಿಕ್ಕಿದ್ದನ್ನು ಬಳಸಿದ್ದಾನೆ ಅಂದುಕೊಂಡು ನನ್ನಷ್ಟಕ್ಕೆ ನಕ್ಕೆ. ಫೋನ್ ಮಾಡಿದರೆ, ಆತವ್ವಾ, ಒಂದನ್ನೂ ಬಿಟ್ಟಿಲ್ಲ ಎಂದ. ಆ ಫೋಟೋವನ್ನು ಆಮೇಲೆ ವಿಭಾಗದ ಸೆಮಿನಾರಿನಲ್ಲಿ ಪರದೆಯ ಮೇಲೆ ತೋರಿಸಿದೆ. ಎಲ್ಲರಿಗೂ ಇಷ್ಟವಾಯಿತು.

ಉಣ್ಣೆ ಕತ್ತರಿಸುವುದು ಮುಗಿದ ಮೇಲೆ ರಕ್ತ ತೆಗೆಯಲು ಹೋದೆ. ಮಾಮಾ ಒಂದೊಂದೇ ಕುರಿಯನ್ನು ಹಿಡಿದು, ಕೊರಳು ನನ್ನ ಕಡೆ ತಿರುಗಿಸಿ ಕೊಟ್ಟ. ಈಗ ಎಷ್ಟು ಬೇಕಾದರೂ ಚುಚ್ಚು ಎಂದ. ಆ ‘ಈಗ’ ಎಂಬುದರ ಬಗ್ಗೆ ನಾನು ಯೋಚಿಸಲಿಲ್ಲ. ರಕ್ತದ ತಿಳಿಯನ್ನು ಬೇರ್ಪಡಿಸಿ ಫ್ರೀಜರಿನಲ್ಲಿಟ್ಟೆ.

ಶ್ರಾವಣದಲ್ಲಿ ಅವನ ಫೋನು ಬಂತು. ಕುರಿಗಳ ತುಟಿ ಬಾತಿವೆ, ಜೊಲ್ಲು ಸುರಿಯುತ್ತಿದೆ, ಕಾಲು ಊರುತ್ತಿಲ್ಲ ಎಂದ. “ನಿನ್ನ ಔಷಧ ಹತ್ತಲಿಲ್ಲ ನೋಡವ್ವಾ,” ಎಂದ.

ಅವತ್ತೇ ಹೋದೆ. ಕಪ್ಪು ಮುಖದ ಒಂದು ಹಳೆಯ ಕುರಿ, ಚಿಕ್ಕಂದಿನಲ್ಲಿ ನಾನು ಹಾಲು ಕುಡಿಸಿದ ಮರಿಯ ಮಗಳು, ಬಾಯಿ ಮುಚ್ಚಲಾಗದೆ ಬಿದ್ದಿತ್ತು. ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ರಕ್ತ ತೆಗೆದುಕೊಂಡೆ, ನಾನು ಹಳ್ಳಿ ಬಿಡುವ ಮೊದಲೇ ಅದು ಸತ್ತಿತು. ಇನ್ನೂ ಹಲವು ಹೋದವು. ಮಾಮಿ ನನ್ನೊಡನೆ ಮಾತಾಡಲಿಲ್ಲ. ನಾನು ತಂದ ಔಷಧ ಕೆಲಸ ಮಾಡಲಿಲ್ಲ ಎಂಬ ಸಂಕೋಚದಲ್ಲಿ ನಾನೂ ಅವಳ ಮುಖ ನೋಡಲಿಲ್ಲ.

ಆ ವೈರಸ್ಸಿನ ಜೀನುಗಳನ್ನು ಓದಿಸಲು ಪುಣೆಗೆ ಕಳಿಸಿದೆವು. ಉತ್ತರ ಬಂದಾಗ, ಹೊರಗಿನ ಪ್ರೋಟೀನಿನ ತುದಿಯಲ್ಲಿ, ಪ್ರತಿಕಾಯ ಅಂಟುವ ಜಾಗದಲ್ಲೇ, ಒಂದು ಅಮೈನೋ ಆಮ್ಲ ಬದಲಾಗಿತ್ತು. ಲಸಿಕೆಯ ವೈರಸ್ಸಿನಲ್ಲಿ ಅಲ್ಲಿ ಚಿಕ್ಕದೊಂದು ಇತ್ತು. ನಮ್ಮ ಹಿಂಡಿನದರಲ್ಲಿ ದೊಡ್ಡದೊಂದು ಬಂದು ಕೂತಿತ್ತು. ಕಂಪ್ಯೂಟರಿನಲ್ಲಿ ಆ ಪ್ರೋಟೀನಿನ ಮಾದರಿ ಕಟ್ಟಿದೆ. ತಿಂಗಳುಗಟ್ಟಲೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬದಲಾದ ಜಾಗಕ್ಕೆ ಕೆಂಪು ಬಣ್ಣ ಕೊಟ್ಟಿದ್ದೆ. ಅಲ್ಲಿ ತುದಿಯ ಮಡಿಕೆ ಸ್ವಲ್ಪ ಹೊರಗೆ ಉಬ್ಬುತ್ತಿತ್ತು. ಲಸಿಕೆ ಪಡೆದ ಹಿಂಡು; ಆದರೂ ರೋಗ; ಉಬ್ಬಿದ ತುದಿ. ಮೂರೂ ಒಂದಕ್ಕೊಂದು ಸರಿಯಾಗಿ ಕೂತವು. ಮ್ಯಾಡಮ್ ಮಾದರಿಯನ್ನು ಬಹಳ ಹೊತ್ತು ನೋಡಿ, ಇದು ನಿನ್ನದೇ ಕೆಲಸ, ಪ್ರಬಂಧ ಬರೆ ಎಂದರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು.

ಮಾಮಾ ಯಾವುದೋ ಕೆಲಸಕ್ಕೆ ಸೋಲಾಪುರಕ್ಕೆ ಬಂದವನು ನಮ್ಮ ಮನೆಯಲ್ಲಿ ಉಳಿದ. ಊಟದ ನಂತರ ಲ್ಯಾಪ್‌ಟಾಪ್ ತೆಗೆದು ಅವನಿಗೆ ತೋರಿಸಿದೆ. ನಾನು ಕೆಲಸದ ಬಗ್ಗೆ ಮನೆಯಲ್ಲಿ ಮಾತಾಡುವುದೇ ಕಡಿಮೆ. ಅವತ್ತು ಬಹಳ ಮಾತಾಡಿದೆ. ಅವನು ಪರದೆಯ ಹತ್ತಿರ ಬಗ್ಗಿ ನೋಡಿದ.

“ಇದ ಏನವ್ವಾ, ರೋಗದ ಮಾರಿಯೇನ?”

ಹೌದು, ರೋಗದ ಮುಖ ಎಂದೇ ತಿಳಿ ಎಂದೆ.

“ಈ ಕೆಂಪ ಚುಕ್ಕಿ ಸಲುವಾಗಿ ನನ್ನ ಕುರಿ ಹೋದವು?”

ಹೌದು ಎಂದೆ. ಈ ಒಂದು ಚುಕ್ಕಿಯಿಂದಾಗಿ ಲಸಿಕೆಗೆ ಹಿಡಿತ ಸಿಗಲಿಲ್ಲ ಎಂದೆ. ಅವನು ಬೆರಳಿನಿಂದ ಆ ಚುಕ್ಕಿಯನ್ನು ಮುಟ್ಟಿದ. ಅವ್ವ ನಮ್ಮ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಶೇಂಗಾ ತುಂಬಿದ ಪರಾತ ಎತ್ತಿಕೊಂಡು ಒಳಗೆ ಹೋದಳು. ಅಣ್ಣನ ಕುರಿಗಳ ನೆನಪಾಗಿ ಎದ್ದುಹೋದಳು ಅಂದುಕೊಂಡೆ.

ಬೇಸಿಗೆ ಬಂತು. ತಾಲೂಕಿನ ಪಶುವೈದ್ಯರು ಮಾಮಾನ ಹಳ್ಳಿಯ ಎಲ್ಲ ಹಿಂಡುಗಳಿಗೂ ಈ ಲಸಿಕೆ ಹಾಕಿಸಬೇಕೆಂದು ಹೋದಾಗ ಕುರಿಗಾರರು ಬೇಡವೆಂದರಂತೆ. ಪೂಜಾರಿಯ ತಂಗಿಯ ಮಗಳು ದೊಡ್ಡ ಸಾಲಿಯಲ್ಲಿ ನೋಡಿದ್ದಾಳೆ, ಈ ಔಷಧ ನಡೆಯುವುದಿಲ್ಲ ಎಂದು ಅವಳೇ ಹೇಳಿದ್ದಾಳೆ ಎಂಬುದು ಅವರ ಮಾತು. ಡಾಕ್ಟರು ಫೋನ್ ಮಾಡಿ ನನ್ನನ್ನೇ ಕೇಳಿದರು, ಇದು ನಿಜವೇ ಎಂದು. ಪ್ರಬಂಧ ಇನ್ನೂ ಪರಿಶೀಲನೆಯಲ್ಲಿದೆ, ಆದರೆ ನನ್ನ ಮಟ್ಟಿಗೆ ನಿಜ ಎಂದೆ. ಇಡೀ ಊರಿನ ಕುರಿಗಳು ಈಗ ನನ್ನ ಒಂದು ಕೆಂಪು ಚುಕ್ಕಿಯ ಮೇಲೆ ನಿಂತಿವೆ ಎಂದು ಆಗ ಮೊದಲ ಬಾರಿಗೆ ಅನ್ನಿಸಿತು.

ಅದೇ ವಾರ ಪತ್ರಿಕೆಯ ಪರಿಶೀಲಕರ ಪ್ರಶ್ನೆ ಬಂತು. ಲಸಿಕೆ ಹಾಕಿದ ಮೇಲೆ ಈ ಕುರಿಗಳಲ್ಲಿ ಪ್ರತಿಕಾಯ ಹುಟ್ಟಿತ್ತು ಎಂಬುದಕ್ಕೆ ಪುರಾವೆ ಎಲ್ಲಿ? ನ್ಯಾಯವಾದ ಪ್ರಶ್ನೆ. ಅದನ್ನು ಪರೀಕ್ಷಿಸುವ ಕಿಟ್ ತಡವಾಗಿ ಬಂದಿತ್ತು, ಅಷ್ಟರಲ್ಲಿ ಮಾದರಿಯ ಕೆಲಸ ಮುಂದೆ ಹೋಗಿತ್ತು. ಫ್ರೀಜರಿನಿಂದ ರಕ್ತದ ತಿಳಿ ತೆಗೆದೆ. ಈ ಪರೀಕ್ಷೆಯಲ್ಲಿ ಪ್ರತಿಕಾಯವಿದ್ದರೆ ತಟ್ಟೆಯ ಗುಳಿಗಳಲ್ಲಿ ಬಣ್ಣ ಏರುತ್ತದೆ. ಹೋಲಿಕೆಗೆಂದು ಇಟ್ಟ, ಲಸಿಕೆ ಪಡೆದ ಬೇರೆ ಕುರಿಗಳ ಗುಳಿಗಳು ನೋಡನೋಡುತ್ತಿದ್ದಂತೆ ನೀಲಿಯಾದವು. ಮಾಮಾನ ಕುರಿಗಳವು ನೀರಿನಂತೆಯೇ ಉಳಿದವು. ಒಂದರಲ್ಲೂ, ಮಸುಕಾಗಿಯಾದರೂ, ಬಣ್ಣವಿಲ್ಲ. ಮರುದಿನ ಮತ್ತೆ ಮಾಡಿದೆ. ಹಾಗೆಯೇ.

ನಾನು ಮಾಮಾನನ್ನು ಅನುಮಾನಿಸಲಿಲ್ಲ. ಡಬ್ಬಿಯನ್ನು ಅನುಮಾನಿಸಿದೆ. ಬಸ್ಸಿನಲ್ಲಿ ಬರ್ಫ ಕರಗಿ ಲಸಿಕೆ ಕೆಟ್ಟಿರಬೇಕು; ಕೆಟ್ಟ ಲಸಿಕೆಯನ್ನು ಅವನ ಕೈಗೆ ಕೊಟ್ಟು ಬಂದವಳು ನಾನು. ಮನೆಗೆ ಹೋಗಿ ಊಟ ಬೇಡವೆಂದು ಕೂತೆ. ಅವ್ವ ಬಿಡದೆ ಕೇಳಿದಳು. ನನ್ನಿಂದಲೇ ಆ ಕುರಿಗಳು ಸತ್ತವು, ನಾನು ಡಬ್ಬಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಒಲೆ ಆರಿಸಿದಳು.

“ಬರ್ಫದ್ದೇನ ತಪ್ಪಿಲ್ಲ,” ಎಂದಳು. “ಅವ ಅದನ್ನ ಹಾಕೇ ಇಲ್ಲ.”

ಆಮೇಲೆ ಎಲ್ಲವನ್ನೂ ಹೇಳಿದಳು. ಅವರ ಮನೆತನದ ಗಂಡಸರಿಗೆ ಒಂದು ನೇಮವಿದೆ. ಬೇಸಿಗೆಯಲ್ಲಿ ಬೀರೋಬಾನಿಗೆ ಹಿಂಡನ್ನು ಒಪ್ಪಿಸಿದ ದಿನದಿಂದ, ಪೂಜೆ ಮಾಡಿದ ಕತ್ತರಿಯಿಂದ ಮೊದಲ ಉಣ್ಣೆ ತೆಗೆದು ಅವನ ಮುಂದೆ ಇಡುವವರೆಗೆ, ಆ ಹಿಂಡಿಗೆ ಕಬ್ಬಿಣ ಮುಟ್ಟಿಸುವಂತಿಲ್ಲ. ಸೂಜಿಯೂ ಕಬ್ಬಿಣವೇ. ಊರಿನ ಬೇರೆ ಹಿಂಡುಗಳಿಗೆ ಇದಿಲ್ಲ, ಪೂಜೆಯ ಮನೆಗೆ ಮಾತ್ರ. ನಾನು ಲಸಿಕೆ ಒಯ್ದದ್ದು ಸರಿಯಾಗಿ ಆ ನಡುವಿನ ದಿನಗಳಲ್ಲಿ. ಮಾಮಾ ಮರುದಿನ ಬೆಳಿಗ್ಗೆ ಲಸಿಕೆಯನ್ನು ದೇವರ ಕಲ್ಲಿನ ಮುಂದೆ ಇಟ್ಟು, ಬಾಟಲಿ ಒಡೆದು ಬಂಡಾರದಲ್ಲಿ ಕಲಸಿ, ಎಲ್ಲ ಕುರಿಗಳ ಬೆನ್ನಿಗೆ ಹಚ್ಚಿದ.

ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಅವತ್ತೇ ಫೋನ್ ಮಾಡಿ ಹೇಳಿದ್ದ ಎಂದಳು. ಮತ್ತೆ ನನಗೇಕೆ ಹೇಳಲಿಲ್ಲ?

“ಮೊದಲ ನೀ ಸಿಟ್ಟ ಆಗ್ತಿ ಅಂತ ಹೇಳಲಿಲ್ಲ,” ಎಂದಳು ಅವ್ವ. “ಆಮ್ಯಾಲ ನೀ ಭಾಳ ಖುಷಿ ಇದ್ದಿ.”

ನಾನು ಖುಷಿಯಾಗಿದ್ದ ಆ ತಿಂಗಳುಗಳು ಒಂದೊಂದಾಗಿ ನೆನಪಾದವು. ಊಟಕ್ಕೆ ಕೂತಾಗ ಕೆಂಪು ಚುಕ್ಕಿಯ ಬಗ್ಗೆ ಹೇಳಿದ್ದು, ಅವಳು ತಲೆಯಾಡಿಸಿದ್ದು, ಪ್ರಬಂಧ ಕಳಿಸಿದ ದಿನ ಅವಳು ಸಜ್ಜಕದ ಸಿಹಿ ಮಾಡಿದ್ದು. ಎಲ್ಲವೂ ಗೊತ್ತಿದ್ದೂ ಮಾಡಿದ್ದಳು. ಮಾಮಾ ಸುಳ್ಳು ಹೇಳಿದ್ದಕ್ಕಿಂತ ಅವಳು ನನ್ನನ್ನು ಅಷ್ಟು ದಿನ ಮಾತಾಡಲು ಬಿಟ್ಟದ್ದು ಹೆಚ್ಚು ನೋಯಿಸಿತು.

ಮರುದಿನವೇ ಹಳ್ಳಿಗೆ ಹೋದೆ. ಮಾಮಾ ಬೇವಿನ ಗಿಡದ ಕೆಳಗೆ ಕೂತು ಟಗರಿನ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. ಬಿದಿರಿನ ಚೂಪಾದ ಸೀಳಿನಿಂದ. ಅವ್ವ ಮೊದಲೇ ಫೋನ್ ಮಾಡಿದ್ದಳು ಎಂದು ಅವನ ಮುಖ ನೋಡಿದೊಡನೆ ತಿಳಿಯಿತು.

“ಚೆಲ್ಲಿಲ್ಲವ್ವಾ ನಾ,” ಎಂದ. “ದೇವರಿಗಿ ತೋರಿಸಿ ಹಚ್ಚೀನಿ. ಒಂದನ್ನೂ ಬಿಟ್ಟಿಲ್ಲ.”

ನೇಮ ಇದೆಯೆಂದು ನನಗೆ ಅಂದೇ ಹೇಳಿದ್ದರೆ ಕತ್ತರಿ ಆಡಿದ ಮೇಲೆ ತರುತ್ತಿದ್ದೆ ಎಂದೆ. ನೀನು ಅಷ್ಟು ದೂರದಿಂದ ಡಬ್ಬಿ ಹೊತ್ತು ತಂದಿದ್ದಿ, ಬೇಡ ಎನ್ನಲು ಬಾಯಿ ಬರಲಿಲ್ಲ ಎಂದ. ಇದನ್ನು ನಾನು ನಂಬಬಲ್ಲೆ. ಕ್ಷಮಿಸಲೂಬಲ್ಲೆ. ಆದರೆ ಶ್ರಾವಣದ ಆ ಫೋನು?

“ಔಷಧ ಹತ್ತಲಿಲ್ಲ ಅಂತ ನೀನ ಅಂದಿ, ಮಾಮಾ.”

“ಮತ್ತೇನ ಅನ್ಲಿ? ಸುಳ್ಳ ಹೇಳೀನಿ ಅಂತ ಫೋನ್ ಮಾಡ್ಲ್ಯಾ?”

ಟಗರು ಕಾಲು ಕೊಸರಿತು. ಅವನು ಅದಕ್ಕೆ ಬೈದು ಮತ್ತೆ ಹಿಡಿದುಕೊಂಡ. ನನ್ನ ಪ್ರಬಂಧ ಹಿಂತೆಗೆದುಕೊಳ್ಳಬೇಕು, ಅದು ಹೋಗಲಿ ಎಂದೆ. ಆದರೆ ಊರಿನವರು ಲಸಿಕೆ ಬೇಡ ಅನ್ನುತ್ತಿರುವುದು ನನ್ನ ಮಾತಿನಿಂದ, ನನ್ನ ಮಾತು ನಿನ್ನ ಮಾತಿನಿಂದ. ಮಳೆ ಬಂದರೆ ಎಲ್ಲರ ಕುರಿಗಳೂ ಹೋಗುತ್ತವೆ. ನೀನೇ ಅವರಿಗೆ ನಿಜ ಹೇಳಬೇಕು. ಅವನು ಗೊರಸಿನಿಂದ ಮುಳ್ಳನ್ನು ಎತ್ತಿ ಬಿಸಾಡಿದ. ಡಾಕ್ಟರನ್ನು ಕರೆದುಕೊಂಡು ಬಾ, ಎಲ್ಲರ ಮುಂದೆ ನಾನೇ ಹೇಳುತ್ತೇನೆ ಎಂದ. ಮಾಮಿ ಉಣ್ಣಲು ಕರೆದಳು. ಉಂಡೆ. ಅವನು ಹೇಳುತ್ತೇನೆ ಎಂದಿದ್ದನಲ್ಲ.

ಮ್ಯಾಡಮ್ ಮುಂದೆ ಕೂತಾಗ, ಹಿಂಡಿಗೆ ಲಸಿಕೆ ಬಿದ್ದಿರಲಿಲ್ಲ, ನಾನು ಕಣ್ಣಾರೆ ನೋಡದೆ ಬಿದ್ದಿದೆ ಎಂದು ಬರೆದೆ ಎಂದಷ್ಟೇ ಹೇಳಿದೆ. ಯಾರು, ಏಕೆ ಎಂದು ಹೇಳಲಿಲ್ಲ. ಅವರೂ ಕೇಳಲಿಲ್ಲ. ಪ್ರಬಂಧ ವಾಪಸು ತೆಗೆದುಕೊಂಡೆವು. ಬದಲಾದ ಅಮೈನೋ ಆಮ್ಲ ಸುಳ್ಳಲ್ಲ, ಅದು ಈಗಲೂ ಅಲ್ಲಿಯೇ ಇದೆ. ಅದು ಲಸಿಕೆಯನ್ನು ತಪ್ಪಿಸಿತು ಎಂದದ್ದು ಮಾತ್ರ ನನ್ನ ಕಟ್ಟುಕತೆ. ಮ್ಯಾಡಮ್ ಬೈಯಲಿಲ್ಲ. ಮುಂದಿನ ಹಿಂಡುಗಳ ಕೆಲಸವನ್ನು ನನ್ನ ಕಿರಿಯ ವಿದ್ಯಾರ್ಥಿನಿಗೆ ಒಪ್ಪಿಸಿದರು. ನೀನು ಸದ್ಯ ಕಂಪ್ಯೂಟರಿನ ಕೆಲಸ ನೋಡಿಕೋ ಎಂದರು.

ಬೀರೋಬಾನ ಗುಡಿಯ ಕಟ್ಟೆಯ ಮುಂದೆ ಕುರಿಗಾರರು ಸೇರಿದ್ದರು. ಡಾಕ್ಟರು ಲಸಿಕೆಯ ವಿಷಯ ಹೇಳಿ ಮುಗಿಸುವ ಮೊದಲೇ ತಲೆಗೆ ಪಟಕಾ ಸುತ್ತಿದ ಮುದುಕನೊಬ್ಬ ಮಾಮಾನ ಕಡೆ ತಿರುಗಿದ.

“ನಿನ್ನ ತಂಗಿ ಮಗಳ ಅಂದಾಳಲ್ಲೋ, ಈ ಔಷಧಕ್ಕ ರೋಗ ಜಗ್ಗೂದಿಲ್ಲಂತ. ಆಕೀನೂ ಬಂದಾಳ. ಈಗೇನಂತಾಳ ಕೇಳು.”

ಮಾಮಾ ಎದ್ದು ನಿಂತ. ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡ. ಅವನಿಗಾಗಿ ನಾನು ಹೆದರಿದ್ದೆ.

“ಔಷಧದ್ದೇನ ತಪ್ಪಿಲ್ಲರಿ,” ಎಂದ. “ಹುಡುಗಿ ಲ್ಯಾಬಿನಾಗ ಬಾಟ್ಲಿ ಅದಲಾಬದಲ ಮಾಡ್ಯಾಳ. ನಿನ್ನೆ ಮೊನ್ನೆ ಗೊತ್ತಾಗೈತಿ. ನೀವು ಹಾಕಿಸ್ರಿ.”

“ಸಾಲಿ ಭಾಳ ಕಲತ್ರ ಹಂಗ ಆಕ್ಕೈತಿ ನೋಡು,” ಎಂದ ಮುದುಕ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮನೆಯ ಮಗುವೊಂದು ಎಡವಿದಾಗ ನಗುವ ಹಾಗೆ. ಡಾಕ್ಟರು ನನ್ನ ಮುಖ ನೋಡಿದರು. ಮಾಮಾ ನೋಡಲಿಲ್ಲ.

ನಾನು ನಿಜ ಹೇಳಿದ್ದರೆ ಮಾತು ನೇಮದ ಕಡೆಗೆ, ಪೂಜೆಯ ಮನೆಯ ಕಡೆಗೆ ಹೋಗುತ್ತಿತ್ತು. ಪೂಜಾರಿಯೇ ಸೂಜಿ ಮುಟ್ಟಿಸಲಿಲ್ಲ ಎಂದ ಮೇಲೆ ಅವತ್ತು ಯಾರೂ ಹಿಂಡು ತರುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ನಾನು ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ನನ್ನ ಸ್ವಭಾವವನ್ನು ಚಿಕ್ಕಂದಿನಿಂದ ನೋಡಿದವನು ಅದನ್ನೇ ಬಳಸಿಕೊಂಡಿದ್ದ.

“ಆ ಹಿಂಡಿಗಿ ಔಷಧ ಬಿದ್ದಿರಲಿಲ್ಲ,” ಎಂದೆ. “ಬಿದ್ದಿದ್ರ ಉಳೀತಿದ್ವು.”

ಅಷ್ಟೇ ಹೇಳಿದೆ. ಅದನ್ನು ನನ್ನ ತಪ್ಪೊಪ್ಪಿಗೆ ಎಂದು ಎಲ್ಲರೂ ತಿಳಿದರು. ಮಧ್ಯಾಹ್ನದೊಳಗೆ ಹಿಂಡುಗಳು ಒಂದರ ಹಿಂದೆ ಒಂದು ಬಂದವು. ಮಾಮಾನದು ಬರಲಿಲ್ಲ. ಅವನ ನೇಮ ಇನ್ನೂ ಮುಗಿದಿರಲಿಲ್ಲ. ಅವತ್ತು ಅವನ ಮನೆಯಲ್ಲಿ ಉಣ್ಣದೆ ಡಾಕ್ಟರ ಗಾಡಿಯಲ್ಲಿ ಅಕ್ಕಲಕೋಟಕ್ಕೆ ಬಂದೆ. ಮನೆ ಮುಟ್ಟಿದ ಮೇಲೆ ಅವ್ವ ಏನಾಯಿತೆಂದು ಕೇಳಿದಳು. ಕೇಳು ನಿನ್ನ ಅಣ್ಣನನ್ನೇ ಎಂದೆ. ಈಗಲೂ ನಾವಿಬ್ಬರೂ ಅಡುಗೆ, ಔಷಧ, ಅಪ್ಪನ ಪಾಳಿ ಇವುಗಳ ಬಗ್ಗೆ ಮಾತ್ರ ಮಾತಾಡುತ್ತೇವೆ.

ಉಣ್ಣೆ ಕತ್ತರಿಸಿದ ವಾರ ಮಾಮಾನ ಫೋನು ಬಂತು, ಏನೂ ಆಗಿಲ್ಲದ ದನಿಯಲ್ಲಿ. ಕತ್ತರಿ ಆಯಿತು, ಈಗ ಒಂದಿಷ್ಟು ಔಷಧ ತಂದುಕೊಡುತ್ತೀಯಾ ಎಂದು. ಹೇಳುತ್ತೇನೆ ಎಂದು ಫೋನಿಟ್ಟೆ, ಎರಡು ದಿನ ತಿರುಗಿ ಮಾಡಲಿಲ್ಲ. ಆಮೇಲೆ ಡಾಕ್ಟರಿಗೆ ಹೇಳಿ, ಲಸಿಕೆ ಹಾಕುವವರನ್ನು ಕರೆದುಕೊಂಡು ನಾನೂ ಹೋದೆ. ಕುರಿಗಳು ನನಗೆ ಯಾವ ಮೋಸವನ್ನೂ ಮಾಡಿರಲಿಲ್ಲ.

ಬಿಸಿಲು ಜೋರಿತ್ತು. ಮಾಮಾ ಕುರಿ ಹಿಡಿದು ಕೊಡುತ್ತಿದ್ದ, ಅವರು ಚುಚ್ಚುತ್ತಿದ್ದರು. ನಾನು ಪಕ್ಕದಲ್ಲೇ ನಿಂತು, ಪ್ರತಿ ಸಲವೂ ಸೂಜಿ ಚರ್ಮದೊಳಗೆ ಹೋಗುವುದನ್ನು, ಸಿರಿಂಜಿನಲ್ಲಿ ಔಷಧ ಇಳಿಯುವುದನ್ನು ನೋಡುತ್ತಿದ್ದೆ. ನೆರಳಲ್ಲಿ ಹೋಗಿ ಕೂಡು, ನಾನು ಹಾಕಿಸುತ್ತೇನೆ ಎಂದ. ನಾನು ಕದಲಲಿಲ್ಲ. ಇನ್ನೂ ಕೆಲವು ಕುರಿ ಆದವು. ಅವನು ನಿಂತು ನನ್ನ ಕಡೆ ನೋಡಿದ.

“ನನ್ನ ಮ್ಯಾಲ ಇಸವಾಸ ಇಲ್ಲೇನವ್ವಾ?”

“ಇಲ್ಲ ಮಾಮಾ,” ಎಂದೆ.

ಅವನು ಬಗ್ಗಿ ಮುಂದಿನ ಕುರಿಯನ್ನು ಹಿಡಿದು, ಅದರ ಕೊರಳನ್ನು ನನಗೆ ಕಾಣುವ ಹಾಗೆ ತಿರುಗಿಸಿದ.